ಎದುರಾಳಿ ಇಲ್ಲದ ಹಡಗುಗಳು

ಆ ಚಿತ್ರವನ್ನು ನಾನು ಮೊದಲು ನೋಡಿದ್ದು ಹಿಂಬದಿಯಿಂದ. ಬೀದರದ ಹಳೆಯ ಊರಿನೊಳಗಿನ ಒಂದು ಹವೇಲಿಯ ದಿವಾನಖಾನೆಯಲ್ಲಿ ಅದನ್ನು ಕೆಳಗಿಳಿಸಿ, ಮುಖವನ್ನು ಗೋಡೆಯ ಕಡೆಗೆ ಮಾಡಿ ಒರಗಿಸಿದ್ದರು. ಹಿಂಬದಿಯ ಬಟ್ಟೆ ಚಹದ ಬಣ್ಣಕ್ಕೆ ತಿರುಗಿತ್ತು. ಮೊಳೆಗಳು ತುಕ್ಕು ಹಿಡಿದಿದ್ದವು. ಒಂದು ಮೂಲೆಯಲ್ಲಿ ಹಲ್ಲಿಯ ತತ್ತಿಯ ಸಿಪ್ಪೆಗಳಿದ್ದವು. ಒಂದು ತುದಿಯನ್ನು ಉಸ್ತಾದರು ಹಿಡಿದರು, ಇನ್ನೊಂದನ್ನು ನಾನು. ನಿಧಾನವಾಗಿ ತಿರುಗಿಸಿದೆವು. ಸಮುದ್ರ ಈ ಕಡೆಗೆ ಬಂತು.

ಸಮುದ್ರದ ತುಂಬ ಹಡಗುಗಳು. ಎಡಗಡೆ ಹಸಿರು ಪಟ್ಟಿಯ ಒಂದು ದೊಡ್ಡ ಹಡಗು, ಅದರ ಹಿಂದೆ ಸಣ್ಣವು ನಾಲ್ಕಾರು. ಅವುಗಳ ಹಾಯಿಗಳೆಲ್ಲ ಗಾಳಿ ತುಂಬಿಕೊಂಡು ಬಲಕ್ಕೆ ಬಾಗಿದ್ದವು, ತೋಪುಗಳು ಬಲಕ್ಕೆ ಹೊಗೆ ಉಗುಳುತ್ತಿದ್ದವು. ಬಲಗಡೆ ಎದುರಾಳಿಯ ಹಡಗುಗಳು. ಅಲ್ಲಿಯೂ ಒಂದು ದೊಡ್ಡದು, ಅದರ ಹಿಂದೆ ಉರಿಯುತ್ತಿರುವ ಒಂದು, ಕೆಳಗೆ ನೀರಿನಲ್ಲಿ ಬಿದ್ದ ಜನ. ಆ ದಿನ ನಾನು ಬಲಭಾಗವನ್ನು ಎಷ್ಟು ಹೊತ್ತು ನೋಡಿದೆ, ಏನೇನು ನೋಡಿದೆ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇಷ್ಟೇ ನೆನಪು. ಇದಕ್ಕಿಂತ ಹೆಚ್ಚಿಗೆ ಬರೆದರೆ ಕಟ್ಟಿ ಹೇಳಿದಂತಾಗುತ್ತದೆ.

ಯಾವ ಯುದ್ಧ, ಯಾರ ಯುದ್ಧ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚೌಕಟ್ಟಿನ ಕೆಳಗಿನ ಹಿತ್ತಾಳೆ ಪಟ್ಟಿಯನ್ನು ಉಜ್ಜಿ ಉಜ್ಜಿ ಅಕ್ಷರವೆಲ್ಲ ಅಳಿಸಿ ಹೋಗಿತ್ತು. ಮನೆಯ ಯಜಮಾನರು ಇಂಜಿನಿಯರರಾಗಿದ್ದವರು. ಮುಂಬಯಿಯ ಹರಾಜಿನಲ್ಲಿ ಅದನ್ನು ಕೊಂಡು ರೈಲಿನಲ್ಲಿ ತಂದಿದ್ದರಂತೆ. ಇದೂ ಅಸಲಲ್ಲ, ಎಲ್ಲೋ ಪರದೇಶದ ಅರಮನೆಯಲ್ಲಿರುವ ಬಹಳ ದೊಡ್ಡ ಚಿತ್ರವನ್ನು ನೋಡಿ ಯಾರೋ ಕೈಯಿಂದ ತೆಗೆದ ನಕಲು ಎಂದು ಅವರೇ ಹೇಳುತ್ತಿದ್ದರಂತೆ. ಈಗ ಅವರಿರಲಿಲ್ಲ. ಅವರ ಬೇಗಂ ಸಾಹೇಬರು ಬಿದಿರಿನ ಪರದೆಯ ಹಿಂದೆ ಕುಳಿತು ನಮ್ಮೊಡನೆ ಮಾತಾಡಿದರು. ಅವರು ಉಸ್ತಾದರ ಜೊತೆ ಉರ್ದುವಿನಲ್ಲಿ, ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಇಲ್ಲಿ ಎರಡನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

"ಚಿತ್ರ ದೊಡ್ಡ ಮಗಂದು. ಅವರಪ್ಪ ಹಂಗೇ ಹೇಳಿ ಹೋಗ್ಯಾರ. ನಂದೇನೂ ತಕರಾರು ಇಲ್ಲ," ಎಂದರು. "ಖರೆ, ನಾ ಲಗ್ನಾಗಿ ಈ ಮನಿಗಿ ಬಂದಾಗಿಂದ ಆ ಗ್ವಾಡಿ ಮ್ಯಾಲ ಸಮುದ್ರ ಅದ. ಖಾಲಿ ಗ್ವಾಡಿ ನೋಡಕೋತ ನಾ ಕೂಡಂಗಿಲ್ಲ. ಹ್ಯಾಂಗ ಅದನೋ ಹಂಗೇ ಇನ್ನೊಂದು ತಗದು ಕೊಡ್ರಿ."

ಹೈದರಾಬಾದ ರಾಜ್ಯ ಒಡೆಯುವುದು ಆಗಲೇ ನಿಶ್ಚಯವಾಗಿತ್ತು. ಬೀದರ ಮೈಸೂರಿಗೆ, ಹೈದರಾಬಾದ ಆಂಧ್ರಕ್ಕೆ. ಸರ್ಕಾರಿ ನೌಕರಿಯಲ್ಲಿದ್ದ ಹಿರಿಯ ಮಗ ಹೈದರಾಬಾದನ್ನು ಆರಿಸಿಕೊಂಡಿದ್ದ. ಬೀದರದ ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ಕಿರಿಯ ಮಗ ಇಲ್ಲೇ ಉಳಿಯುವವನು. ತಾಯಿ ಕಿರಿಯವನ ಜೊತೆ. ಸಾಮಾನು ಸಾಗಿಸುವ ಲಾರಿ ಮಳೆ ನಿಂತ ಮೇಲೆ ಬರುವುದಿತ್ತು. ಅಷ್ಟರೊಳಗೆ ನಕಲು ಮುಗಿಯಬೇಕು, ಅಸಲಿನ ಪಕ್ಕದಲ್ಲಿಟ್ಟು ಕೊನೆಯ ತಿದ್ದುಪಡಿ ಆಗಬೇಕು ಎಂದು ಮಾತಾಯಿತು.

ಉಸ್ತಾದರ ವಿಷಯ ಹೇಳಬೇಕು. ಅವರು ಭಾಲ್ಕಿಯವರು, ನನಗಿಂತ ಬಹಳ ಹಿರಿಯರು. ಉರ್ದು ಬೋರ್ಡು ಬರೆಯುವುದರಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಆ ವರ್ಷ ಬೋರ್ಡುಗಳೆಲ್ಲ ಕನ್ನಡಕ್ಕೆ ತಿರುಗುತ್ತಿದ್ದವು. ನಾನು ಅಕ್ಷರಗಳ ಹೊರಗೆರೆ ಹಾಕಿ ಕೊಡುತ್ತಿದ್ದೆ, ಅವರು ಬಣ್ಣ ತುಂಬುತ್ತಿದ್ದರು. ತುಂಬುವಾಗ ಮೊದಲು ಬೋರ್ಡಿನ ಬಲತುದಿಯ ಅಕ್ಷರ, ಆಮೇಲೆ ಅದರ ಎಡಗಡೆಯದು. 'ಭಾಲ್ಕಿ' ಎಂದು ಬರೆಯಬೇಕಾದರೆ 'ಲ್ಕಿ' ಒಣಗುವ ಹೊತ್ತಿಗೆ 'ಭಾ' ಶುರುವಾಗುತ್ತಿತ್ತು. ಬೋರ್ಡು ಮುಗಿದಾಗ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಆದ್ದರಿಂದ ಅದರ ಬಗ್ಗೆ ನಾವು ಯಾವತ್ತೂ ಮಾತಾಡಲಿಲ್ಲ.

ನಾನು ಔರಾದದ ಅಂಗಡಿಯಿಂದ ದಪ್ಪ ಖಾದಿ ತಂದೆ. ಅದರ ಪನ್ನ, ಅಂದರೆ ಅಗಲ, ಚಿತ್ರದ ಅಳತೆಗೆ ಸಾಲಲಿಲ್ಲ. ಎರಡು ತುಂಡು ಕೂಡಿಸಿ ಹೊಲಿಯಲೇಬೇಕು. ಹೊಲಿಗೆ ಅಡ್ಡ ಬಂದರೆ ನೀರಿನ ಮೇಲೆ ಗೆರೆ ಎದ್ದು ಕಾಣುತ್ತದೆ, ನಟ್ಟನಡುವೆ ಮೇಲಿಂದ ಕೆಳಕ್ಕೆ ಬಂದರೆ ಅಲ್ಲಿ ಹೊಗೆ ಇದೆ, ಮುಚ್ಚಿ ಹೋಗುತ್ತದೆ ಎಂದು ಉಸ್ತಾದರು ಹೇಳಿದರು. ಅದು ಸರಿಯಾದ ಮಾತೇ. ಅದಕ್ಕೆ ಇನ್ನೊಂದು ಅನುಕೂಲವೂ ಸೇರಿತು. ಅರ್ಧ ಬಟ್ಟೆ ಬೀದರದ ನನ್ನ ಶೆಡ್ಡಿನಲ್ಲಿ, ಇನ್ನರ್ಧ ಭಾಲ್ಕಿಯ ಹತ್ತಿ ಗಿರಣಿಯ ಖಾಲಿ ಕೋಣೆಯಲ್ಲಿ. ಇಬ್ಬರೂ ನಮ್ಮ ನಮ್ಮ ಊರಿನಲ್ಲಿದ್ದು, ಬೋರ್ಡಿನ ಕೆಲಸವನ್ನೂ ಬಿಡದೆ, ಕೆಲಸ ಮುಗಿಸಬಹುದು.

ನಕಲು ತೆಗೆಯುವುದಕ್ಕೆ ಚೌಕಗಳ ಪದ್ಧತಿ. ಚೌಕಟ್ಟಿನ ಹಿಂದೆ ಸಮ ಅಂತರದಲ್ಲಿ ಸಣ್ಣ ಮೊಳೆ ಬಡಿದು, ಚಿತ್ರದ ಮುಂದೆ ಉದ್ದಕ್ಕೂ ಅಡ್ಡಕ್ಕೂ ದಾರ ಕಟ್ಟುತ್ತೇವೆ. ಚಿತ್ರ ಚೌಕಗಳಾಗಿ ಒಡೆಯುತ್ತದೆ. ಒಂದೊಂದು ಚೌಕದಲ್ಲಿ ಕಾಣುವುದನ್ನು ಕಾಗದದ ಮೇಲಿನ ಅದೇ ಚೌಕದಲ್ಲಿ ಇಳಿಸಿ, ಬಣ್ಣದ ಗುರುತು ಹಾಕಿಕೊಂಡು, ಆಮೇಲೆ ಆ ಕಾಗದ ನೋಡಿ ಬಟ್ಟೆಯ ಮೇಲೆ ದೊಡ್ಡದಾಗಿ ಬರೆಯುತ್ತೇವೆ. ಪ್ರತಿ ಸಾಲಿಗೂ ಅಂಕಿ ಬರೆದ ಚೀಟಿ ಅಂಟಿಸುವುದು ನಮ್ಮ ರೂಢಿ. ಹಿರಿಯ ಮಗ ಒಪ್ಪಲಿಲ್ಲ.

"ಚೌಕಟ್ಟಿಗಿ ಚಿನ್ನದ ಲೇಪ ಅದ. ಅದಕ್ಕ ಅಂಟು ಹಚ್ಚಬ್ಯಾಡ್ರಿ. ನಿಮಗ ಎಣಸಲಿಕ್ಕಿ ಬರ್ತದಿಲ್ಲೋ?" ಎಂದ.

"ಬರ್ತದ್ರಿ," ಎಂದೆವು ಇಬ್ಬರೂ.

ಅಡ್ಡಕ್ಕೆ ಹದಿನಾರು ಚೌಕ ಬಂದವು. "ಒಂದರಿಂದ ಎಂಟು ನೀ ತಗೋ, ಪೇಂಟರ್ ಸಾಬ. ಒಂಬತ್ತರಿಂದ ಹದಿನಾರು ನಂದು," ಎಂದರು ಉಸ್ತಾದರು. ನಾನು ಹೂಂ ಎಂದೆ.

ಬೆಳಗಿನ ಬೆಳಕಿನಲ್ಲಿ ನಾನು ಹೋಗಿ ಕೂಡುತ್ತಿದ್ದೆ. ಭಾಲ್ಕಿಯಿಂದ ಮಧ್ಯಾಹ್ನದ ಗಾಡಿಗೆ ಉಸ್ತಾದರು ಬಂದು, ನಾನು ಎದ್ದು ಹೋದ ಮೇಲೆ ಕೂಡುತ್ತಿದ್ದರು. ಒಂದು ದಿನ ಸ್ಟೇಷನ್ನಿನಲ್ಲಿ ಸಿಕ್ಕಾಗ ಕೇಳಿದೆ, "ನಿಮ್ಮ ದೊಡ್ಡ ಹಡಗ ಹ್ಯಾಂಗ ನಡದದ್ರಿ, ಉಸ್ತಾದ?"

"ಭಾಳ ಜಿದ್ದಿ ಅದ. ಹಗ್ಗ ಒಂದಾ ಎರಡಾ! ನಿಂದು?"

"ನಂದೂ ಹಂಗೇ ಅದರಿ."

ಅವರ ಹಡಗೂ ನನ್ನ ಹಡಗೂ ಒಂದೇ ಎಂದು ಇಬ್ಬರಿಗೂ ಹೊಳೆಯಲಿಲ್ಲ. ದೊಡ್ಡ ಹಡಗು ಎರಡೂ ಕಡೆ ಇತ್ತಲ್ಲ.

ಬಟ್ಟೆಗೆ ಅಂಟು ಕುಡಿಸಿ, ಸಫೇದಾ ಎಂಬ ಬಿಳಿ ಬಣ್ಣ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿದೆ. ಬಣ್ಣಕ್ಕೆ ಅಗಸೆ ಎಣ್ಣೆ. ಅದು ನಮ್ಮಲ್ಲಿ ಹೇರಳ. ತೊಂದರೆ ಬಂದದ್ದು ನೀರಿನಲ್ಲಿ. ಸಮುದ್ರವನ್ನು ನಾನು ನೋಡಿರಲಿಲ್ಲ, ಉಸ್ತಾದರೂ ನೋಡಿರಲಿಲ್ಲ. ನಾನು ನೋಡಿದ ದೊಡ್ಡ ನೀರೆಂದರೆ ಮಳೆಗಾಲದ ಮಾಂಜ್ರಾ ನದಿಯ ಕೆನ್ನೀರು. ಎಷ್ಟು ನೀಲಿ ಹಾಕಿದರೂ ನನ್ನ ಕೈ ತಾನಾಗಿಯೇ ಸ್ವಲ್ಪ ಕೆಮ್ಮಣ್ಣು ಬೆರೆಸಿಬಿಡುತ್ತಿತ್ತು. ಮೂರು ಸಲ ಕೆರೆದು ತೆಗೆದೆ. ಕಡೆಗೆ ಕೆಮ್ಮಣ್ಣಿನ ಬಟ್ಟಲನ್ನು ಶೆಡ್ಡಿನ ಹೊರಗೆ ಇಟ್ಟು ಬಂದ ಮೇಲೆ ನೀರು ನೀರಾಯಿತು.

ಅಷ್ಟರಲ್ಲಿ ಔರಾದದ ತಹಸೀಲು ಕಚೇರಿಯ ಬೋರ್ಡುಗಳ ಕೆಲಸ ಬಂತು. ಬಸ್ಸು ಹಿಡಿದು ಹೋದೆ. ಅಲ್ಲಿ ಕೆಲಸ ಎಣಿಸಿದ್ದಕ್ಕಿಂತ ಉದ್ದವಾಯಿತು. ಒಂದೊಂದು ಬಾಗಿಲಿಗೂ ಒಂದೊಂದು ಹೆಸರು, ಒಂದೊಂದು ಹೆಸರಿಗೂ ಇಬ್ಬರು ಗುಮಾಸ್ತರ ವಾದ. ನಾನು ಬೀದರಕ್ಕೆ ಮರಳಿದಾಗ ದಿವಾನಖಾನೆಯ ಗೋಡೆ ಖಾಲಿಯಾಗಿತ್ತು. ಹಿರಿಯ ಮಗನಿಗೆ ಬೇಗ ಹಾಜರಾಗಲು ಹುಕುಂ ಬಂದಿತ್ತು, ಲಾರಿ ಮೊದಲೇ ಬಂದು ಹೋಗಿತ್ತು. ಕಿರಿಯ ಮಗ ಬಾಗಿಲಲ್ಲಿ ನಿಂತು ಹೇಳಿದ, "ಅಣ್ಣನ ಸಾಮಾನೆಲ್ಲಾ ಪೆಟ್ಟಿಗ್ಯಾಗ ಹಾಕಿ ಮೊಳಿ ಹೊಡದು ಒಯ್ದಾರ್ರಿ. ಅಲ್ಲಿ ಮನಿ ಇನ್ನಾ ಸಿಕ್ಕಿಲ್ಲ. ಯಾರದೋ ಗೋದಾಮಿನ್ಯಾಗ ಇಡ್ತಾನಂತ."

ನನಗೆ ಆಗ ಗಾಬರಿಯಾಗಲಿಲ್ಲ. ಕೊನೆಯ ತಿದ್ದುಪಡಿ ತಪ್ಪಿತಲ್ಲ ಎಂದಷ್ಟೇ ಅನಿಸಿತು. ಚೌಕದ ಕಾಗದಗಳು ನಮ್ಮ ಕೈಯಲ್ಲಿದ್ದವು. ಪರದೆಯ ಹಿಂದಿನಿಂದ ಬೇಗಂ ಸಾಹೇಬರು, "ತಮ್ಮಾ, ಲಗೂನ ತಾರಪಾ. ಈ ಗ್ವಾಡಿ ನನ್ನ ನೋಡ್ಲಿಕ್ಕತ್ಯದ," ಎಂದರು.

ನನ್ನ ಅರ್ಧ ಒಣಗಿದ ಮೇಲೆ ಉಸ್ತಾದರಿಗೆ ಹೇಳಿಕಳಿಸಿದೆ. ಅವರು ತಮ್ಮ ಅರ್ಧವನ್ನು ಸುತ್ತಿ, ಧೋತರದಲ್ಲಿ ಕಟ್ಟಿ, ಭುಜದ ಮೇಲೆ ಹೊತ್ತುಕೊಂಡು ಸ್ಟೇಷನ್ನಿನಿಂದ ನಡೆದೇ ಬಂದರು. ಮುಖದಲ್ಲಿ ಮದುವಣಿಗನನ್ನು ಕರೆತಂದವರ ಠೀವಿ. ನನ್ನ ತುಂಡು ಶೆಡ್ಡಿನ ನೆಲದ ಮೇಲೆ ಹಾಸಿತ್ತು. ಅದರ ಬಲಕ್ಕೆ ನಾನು ಬಿಟ್ಟಿದ್ದ ಜಾಗದಲ್ಲಿ ಅವರು ತಮ್ಮದನ್ನು ಬಿಚ್ಚಿದರು.

ಮೊದಲು ಆಕಾಶ ಬಂತು. ಆಮೇಲೆ ಹಾಯಿಯ ತುದಿ. ಆಮೇಲೆ ಒಂದು ಕೆಂಪು ನಿಶಾನೆ. ಆ ನಿಶಾನೆ ನನಗೆ ಚೆನ್ನಾಗಿ ಪರಿಚಯದ್ದು. ಆಮೇಲೆ ಹಸಿರು ಪಟ್ಟಿ. ನನ್ನ ಕೈಯಲ್ಲಿ ಹೊಲಿಯುವ ದಬ್ಬಣವಿತ್ತು. ಅದನ್ನು ಕೆಳಗಿಟ್ಟೆ.

ಎರಡು ಹಸಿರು ಪಟ್ಟಿಯ ಹಡಗುಗಳು ಒಂದರ ಹಿಂದೆ ಒಂದು ನಿಂತಿದ್ದವು. ಎರಡರ ತೋಪುಗಳೂ ಬಲಕ್ಕೆ ಹಾರುತ್ತಿದ್ದವು. ನನ್ನ ಹಡಗು ಉಸ್ತಾದರ ಹಡಗಿನ ಬೆನ್ನಿಗೆ ಗುಂಡು ಹಾಕುತ್ತಿತ್ತು.

"ನೀ ನಂದ್ಯಾಕ ತಗದಿ?" ಎಂದರು ಉಸ್ತಾದರು.

"ನಾ ಯಾಕ ನಿಮ್ಮದು ತಗೀಲ್ರಿ? ನೀವು ನಂದು ತಗದೀರಿ. ಒಂದರಿಂದ ಎಂಟು ನಂದಲ್ಲೇನು?"

"ಹೌದಪಾ. ನಾ ಒಂಬತ್ತರಿಂದ ಹದಿನಾರು ತಗದೀನಿ."

"ಎಣಸಿ ತೋರಸ್ರಿ."

ಅವರು ಎದ್ದು ನಿಂತು, ಅಲ್ಲಿ ಇಲ್ಲದ ಚಿತ್ರದ ಕಡೆಗೆ ಕೈಯೆತ್ತಿ, ಬಲತುದಿಯಿಂದ ಎಣಿಸತೊಡಗಿದರು. ಏಕ್, ದೋ, ತೀನ್. ಎಂಟಕ್ಕೆ ನಡುವೆ ಬಂದರು. ಒಂಬತ್ತು ಎಂದಾಗ ಅವರ ಬೆರಳು ಎಡಭಾಗದ ಮೇಲಿತ್ತು. ಅಲ್ಲಿಗೇ ನಿಂತಿತು. ನನ್ನ ಬೆರಳು ಎಡತುದಿಯಲ್ಲಿ, ಒಂದರ ಮೇಲೆ, ಆಗಲೇ ಕಾದು ನಿಂತಿತ್ತು. ಅವರು ಜೀವಮಾನವೆಲ್ಲ ಬಲದಿಂದ ಬರೆದವರು. ನಾನು ಎಡದಿಂದ ಬರೆದವನು. ಇಬ್ಬರೂ ಸರಿಯಾಗಿಯೇ ಎಣಿಸಿದ್ದೆವು.

ಆಮೇಲೆ ಉಸ್ತಾದರ ಭುಜ ಕುಲುಕಾಡತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು ಹತ್ತಿರ ಹೋದೆ. ಅವರು ನಗುತ್ತಿದ್ದರು. "ದುಶ್ಮನ್ ಎಲ್ಲಿದ್ದಾನೋ ಪೇಂಟರ್? ಎಲ್ಲಾ ನಮ್ಮವರೇ ಆಗ್ಯಾರಲ್ಲೋ! ಯಾರಿಗಿ ಹೊಡೀಲಿಕ್ಕತ್ಯಾರಿವರು?" ಎಂದು ನೆಲದ ಮೇಲೆ ಕುಳಿತುಬಿಟ್ಟರು. ನನಗೂ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೆ ಇಬ್ಬರೂ ನಕ್ಕೆವು. ನಗೆ ನಿಂತ ಮೇಲೆ ಲೆಕ್ಕ ಹಾಕಿದೆವು. ಬಲಭಾಗ ನಮ್ಮಿಬ್ಬರ ಕಾಗದದಲ್ಲೂ ಇರಲಿಲ್ಲ. ಅಸಲು ಯಾವುದೋ ಗೋದಾಮಿನ ಪೆಟ್ಟಿಗೆಯೊಳಗಿತ್ತು.

ಉಸ್ತಾದರು ಒಂದು ಉಪಾಯ ಹೇಳಿದರು. ನಮ್ಮ ಎಡಭಾಗವನ್ನೇ ಕನ್ನಡಿಯಲ್ಲಿ ಕಂಡಂತೆ ತಿರುವಿ ಬರೆಯುವುದು. ಹಸಿರು ಪಟ್ಟಿಯನ್ನು ಹಳದಿ ಮಾಡುವುದು, ನಿಶಾನೆ ಬದಲಿಸುವುದು, ಹಿಂದೆ ಒಂದು ಹಡಗಿಗೆ ಬೆಂಕಿ ಹಚ್ಚುವುದು. "ದುಶ್ಮನ್ ಆದರೇನು, ಹಡಗ ಹಡಗೇ ಅಲ್ಲ?" ಎಂದರು. ಕೆಲಸದ ದೃಷ್ಟಿಯಿಂದ ಅದು ಕೆಟ್ಟ ಉಪಾಯವಲ್ಲ. ನಾನು ಕಾಗದವನ್ನು ತಿರುಗಿಸಿ ಬೆಳಕಿಗೆ ಹಿಡಿದು ನೋಡಿಯೂ ನೋಡಿದೆ. ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಕಾಗದದ ಹಿಂದಿನಿಂದ ನನಗೆ ಬೇಗಂ ಸಾಹೇಬರ ಬಿದಿರಿನ ಪರದೆಯ ಕಡ್ಡಿಗಳು ಕಂಡಂತಾಯಿತು. ಊರಿಗೆಲ್ಲ ಗೊತ್ತಾಗದೆ ಹೋಗಬಹುದು. ಆ ಗೋಡೆಯ ಮುಂದೆ ಕುಳಿತೇ ಇಬ್ಬರು ಮಕ್ಕಳನ್ನು ಬೆಳೆಸಿದವರಿಗೆ ಗೊತ್ತಾಗುತ್ತದೆ. ಗೊತ್ತಾದರೂ ಹೇಳದೆ ಇರುತ್ತಾರೆ. ಅದೇ ನನಗೆ ಬೇಡವೆನಿಸಿತು.

"ಹೋಗಿ ಹೇಳಿಬಿಡೋಣ್ರಿ, ಉಸ್ತಾದ," ಎಂದೆ.

"ನೀ ಹೇಳು. ನಾ ಹಿಂದ ನಿಲ್ತೇನಿ."

ಎರಡೂ ಎಡಭಾಗಗಳನ್ನು ಹೊತ್ತುಕೊಂಡೇ ಹೋದೆವು. ದಿವಾನಖಾನೆಯಲ್ಲಿ ಹಾಸಿ ತೋರಿಸಿದೆವು. ನಡೆದದ್ದನ್ನೆಲ್ಲ ಪರದೆಯ ಕಡೆಗೆ ಮುಖ ಮಾಡಿ ನಾನು ಹೇಳಿದೆ. ಆಮೇಲೆ, "ಅದಕ್ಕೇ ಮತ್ತ!" ಎಂಬ ದನಿ ಬಂತು. "ಮುಂಜಾನಿ ಈ ತಮ್ಮ ಆ ಮೂಲ್ಯಾಗ ಕೂಡ್ತಾನ, ಮಧ್ಯಾಹ್ನ ಮಿಯಾನೂ ಅಲ್ಲೇ ಕೂಡ್ತಾರ. ಒಬ್ಬರದರ ಮ್ಯಾಲ ಒಬ್ಬರು ಬರೀತಾರೇನೋ, ಇದೂ ಒಂದು ಕಸುಬಿರಬೇಕು ಅಂದೆ. ನಡುವ ಬಾಯಿ ಹಾಕಬಾರದಂತ ಸುಮ್ಮನಿದ್ದೆ."

"ಹಾಕಬೇಕಾಗಿತ್ತರಿ, ಬೇಗಂ ಸಾಹೇಬ," ಎಂದರು ಉಸ್ತಾದರು ನನ್ನ ಹಿಂದಿನಿಂದ.

ಪರದೆ ಸರಿಯಿತು. ಬೇಗಂ ಸಾಹೇಬರು ಬೆತ್ತ ಊರಿಕೊಂಡು ಹೊರಗೆ ಬಂದರು. ನಾನು ಅವರನ್ನು ಕಂಡದ್ದು ಅದೇ ಮೊದಲು. ಸಣ್ಣ ಮೈಕಟ್ಟು, ಬಿಳಿ ದುಪಟ್ಟಾ, ದಪ್ಪ ಗಾಜಿನ ಕನ್ನಡಕ. ಗೋಡೆಯ ಸುಣ್ಣದ ಮೇಲೆ ಚಿತ್ರವಿದ್ದ ಜಾಗ ಸುತ್ತಲಿನದಕ್ಕಿಂತ ಬೆಳ್ಳಗೆ ಉಳಿದಿತ್ತು. ಅದರ ಬಲಗಡೆಯನ್ನು ಬೆತ್ತದಿಂದ ಮುಟ್ಟಿದರು.

"ಎಲ್ಲಾ ಇಲ್ಲೇ ಅದ," ಎಂದರು. "ಬಟ್ಟಿ ತರ್ರಿ. ನಾ ಹೇಳ್ತೇನಿ, ನೀವು ಬರೀರಿ."

ನಾನು ಒಪ್ಪುವ ಮೊದಲು ಪರೀಕ್ಷೆ ಮಾಡಿದೆ. ಬೇರೆ ದಾರಿ ಕಾಣಲಿಲ್ಲ. ನಮ್ಮ ಎಡಭಾಗಗಳಿಗೆ ಬೆನ್ನು ಮಾಡಿ ಕೂಡಲು ವಿನಂತಿಸಿ, ಹಸಿರು ಹಡಗಿನ ಮುಂದಿನ ಕಂಬದಲ್ಲಿ ಏನಿದೆ ಎಂದು ಕೇಳಿದೆ. "ಹಗ್ಗದ ಏಣಿ ಹತ್ತಾವ ಒಬ್ಬ ಇದ್ದಾನ. ಅಂವನ ಒಂದು ಕಾಲಾಗ ಬೂಟಿಲ್ಲ," ಎಂದರು. ನನ್ನ ತುಂಡನ್ನು ನೋಡಿದೆ. ನಾನು ಎರಡೂ ಕಾಲಿಗೆ ಬೂಟು ಹಾಕಿದ್ದೆ. ಉಸ್ತಾದರ ತುಂಡಿನಲ್ಲಿ ಒಂದು ಕಾಲು ಬರಿಗಾಲು.

ಉಸ್ತಾದರು ತಮ್ಮ ಗಡ್ಡವನ್ನು ಮೇಲಿಂದ ಕೆಳಕ್ಕೆ ಒಮ್ಮೆ ಸವರಿಕೊಂಡರು, ಅಷ್ಟೇ.

"ಹಂಗಾರ ಮಿಯಾಂದು ಗ್ವಾಡಿಗಿ ಇರಲಿ," ಎಂದರು ಬೇಗಂ ಸಾಹೇಬರು. "ತಮ್ಮಂದು ನೀವು ಒಯ್ರಿ. ಬೂಟು ಭಾಳ ಚಂದ ತಗದಾನ, ಖರೆ."

ಉಸ್ತಾದರ ಎಡಭಾಗವನ್ನು ಅದರ ಜಾಗಕ್ಕೆ ಸಿಗಿಸಿ, ಪಕ್ಕದಲ್ಲಿ ಸಫೇದಾ ಬಳಿದ ಖಾಲಿ ಬಟ್ಟೆಯನ್ನು ಮೊಳೆ ಹೊಡೆದು ಬಿಗಿದೆವು. ಈ ಸಲ ಪ್ರತಿ ಸಾಲಿಗೂ ಚೀಟಿ ಅಂಟಿಸಿದೆ. ಅಂಕಿಗಳನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದೆವು. ಇದ್ದಿಲು ಹಿಡಿದು ನಾನು ನಿಂತೆ, ಬಣ್ಣ ಉಸ್ತಾದರದು.

"ಎಲ್ಲಿಂದ ಸುರು ಮಾಡೋಣ್ರಿ?" ಎಂದೆ.

"ನಮ್ಮತ್ತಿಯಿಂದ."

ನಾವಿಬ್ಬರೂ ಮುಖ ನೋಡಿಕೊಂಡೆವು. ಎದುರಾಳಿಯ ದೊಡ್ಡ ಹಡಗಿಗೆ ಅವರು ಮದುವೆಯಾಗಿ ಬಂದ ವರ್ಷವೇ ಇಟ್ಟ ಹೆಸರು ಅದು. "ಹಿಂದ ಭಾರ, ಮುಂದ ಮೂಗು. ಕೂತರ ಕೂತಿತು, ಎದ್ದೇಳಂಗಿಲ್ಲ. ಇನ್ನಾ ಅಗಲ ಮಾಡು ತಮ್ಮಾ. ಇನ್ನಾ. ಅಷ್ಟು ಸಣ್ಣಾಕಿ ಇದ್ದಿಲ್ಲ ಅಕಿ." ನಾನು ಅಳಿಸಿ ಅಗಲ ಮಾಡಿದೆ. ಬೆತ್ತ ಬಂದು ಬಟ್ಟೆಯ ಮೇಲೆ ತಾಗಿತು. "ಹಾಂ. ಇದು ನಮ್ಮತ್ತಿ."

ಹೀಗೆ ಬೆಳಗಿನ ಹೊತ್ತೆಲ್ಲ ನಡೆಯಿತು. ಒಂದೊಂದು ಚೌಕಕ್ಕೂ ಅವರ ಹತ್ತಿರ ಒಂದೊಂದು ಗುರುತು. ಕಿರಿಯ ಮಗನಿಗೆ ಸಿಡುಬು ಬಂದಾಗ ಅವನ ಪಕ್ಕದಲ್ಲಿ ಕುಳಿತು ನೋಡುತ್ತಿದ್ದದ್ದು ಆ ಕಂಬದ ಹಗ್ಗಗಳು. ಬಾಗಿಲ ಕಡೆಯಿಂದ ನೋಡಿದರೆ ಮಾತ್ರ ಕಾಣುವ ಒಂದು ಸಣ್ಣ ಹಾಯಿ. ಗಂಡನ ಜೊತೆ ಮಾತು ಬಿಟ್ಟ ದಿನಗಳಲ್ಲಿ ನೋಡುತ್ತಿದ್ದದ್ದು ಒಬ್ಬ ಟೊಪ್ಪಿಗೆಯ ಕಪ್ತಾನ. "ಅಂವ ಯಾವಾಗ್ಲೂ ನನ್ನ ಕಡೀನೇ ಇದ್ದ," ಎಂದರು. ಕೋರ್ಟಿನಿಂದ ಊಟಕ್ಕೆ ಬಂದ ಕಿರಿಯ ಮಗ ಬಾಗಿಲಲ್ಲೇ ನಿಂತುಬಿಡುತ್ತಿದ್ದ. ಆ ಮನೆಯಲ್ಲಿ ಹುಟ್ಟಿದವನಿಗೂ ಈ ಮಾತುಗಳು ಹೊಸವು.

ನಾನು ಒಂದು ನಿಯಮ ಇಟ್ಟುಕೊಂಡೆ. ಬೆಳಿಗ್ಗೆ ಬರೆದದ್ದನ್ನು ಸಂಜೆ ಮತ್ತೆ ಕೇಳುತ್ತಿದ್ದೆ, ಬಟ್ಟೆಗೆ ಹೊದಿಕೆ ಹಾಕಿ. ಎರಡೂ ಹೊತ್ತಿನ ಮಾತು ಹೊಂದಿದರೆ ಮಾತ್ರ ಉಸ್ತಾದರು ಬಣ್ಣ ಮುಟ್ಟುತ್ತಿದ್ದರು. ಒಂದು ಸಣ್ಣ ನಿಶಾನೆಯ ಬಣ್ಣದ ಹೊರತು ಒಂದು ಮಾತೂ ಹಿಂದೆ ಮುಂದೆ ಆಗಲಿಲ್ಲ. ಆ ನಿಶಾನೆಯ ವಿಷಯ ಬಂದಾಗ ಅವರೇ, "ಅದು ನನಗ ಖಾತ್ರಿ ಇಲ್ಲ. ಹೊಗಿ ಮುಚ್ಚಿಬಿಡ್ರಿ," ಎಂದರು.

ಹೊಗೆಯ ಹತ್ತಿರ ಬಂದಾಗ ಒಂದು ನಿಲುಗಡೆ ಆಯಿತು. ಉರಿಯುವ ಹಡಗಿನ ಮೇಲೆ ಉಸ್ತಾದರು ದೀಪದ ಕಪ್ಪು ಎತ್ತಿದರು. "ತೋಪಿನ ಹೊಗಿ ಬೆಳ್ಳಗಿರ್ತದ, ಮಿಯಾ," ಎಂದರು ಬೇಗಂ ಸಾಹೇಬರು. "ಕರೀದು ಮನಿ ಸುಟ್ಟಾಗ ಬರೂದು." ಉಸ್ತಾದರ ಕೈ ಅಲ್ಲೇ ನಿಂತಿತು. ಕೆಲವು ವರ್ಷಗಳ ಹಿಂದೆ, ನಿಜಾಮರ ಆಡಳಿತ ಮುಗಿದ ಆ ಗಲಾಟೆಯಲ್ಲಿ, ನಾವು ಮೂವರೂ ಬೇರೆ ಬೇರೆ ಮಾಳಿಗೆಗಳ ಮೇಲಿಂದ ಕರಿಯ ಹೊಗೆ ನೋಡಿದ್ದೆವು. ಯಾವ ಕಡೆಯಿಂದ ಎದ್ದದ್ದು, ಎಷ್ಟು ದಿನ ಇತ್ತು ಎಂದು ನಾನು ಬಲ್ಲೆ. ಆದರೆ ಇಲ್ಲಿ ಬರೆಯುವುದಿಲ್ಲ. ಉಸ್ತಾದರು ಕಪ್ಪಿನ ಬಟ್ಟಲನ್ನು ಮುಚ್ಚಿ, ಸಫೇದಾ ತೆಗೆದುಕೊಂಡರು. ಆ ಚಿತ್ರದಲ್ಲಿ ಉರಿಯುವ ಹಡಗಿನ ಹೊಗೆಯೂ ಬಿಳಿಯೇ.

ಕೊನೆಗೆ ಉಳಿದದ್ದು ಕೆಳಗಿನ ಬಲಮೂಲೆ. ನೀರಿನಲ್ಲಿ ಬಿದ್ದ ಜನರ ಪೈಕಿ ಎಲ್ಲರಿಗಿಂತ ಈಚೆಗಿರುವ ಒಬ್ಬ ಮನುಷ್ಯ.

"ನೀಲಿ ಅಂಗಿ. ತಲಿ ಮ್ಯಾಲ ಏನೂ ಇಲ್ಲ. ಎಡಗೈ ನೀರಾಗ. ಬಲಗೈ ದೋಣಿ ಅಂಚು ಹಿಡದದ," ಎಂದರು.

ನಾನು ಇದ್ದಿಲು ಎತ್ತಿದವನು ನಿಂತೆ. ಆ ಮೂಲೆಯಲ್ಲಿ ಒಂದು ದೋಣಿ ಇತ್ತೆಂದು ನನಗೂ ಮಸುಕು ನೆನಪು. ಆದರೆ ಅದು ದೂರವಿತ್ತೇ, ಹತ್ತಿರವಿತ್ತೇ? "ದೋಣಿ ಸ್ವಲ್ಪ ಆ ಕಡಿ ಇದ್ದಿಲ್ಲೇನ್ರಿ?" ಎಂದೆ.

"ನಿನಗ ನೆನಪದನ?"

"ಖಾತ್ರಿ ಇಲ್ಲರಿ."

"ನನಗ ಅದ."

ಸಂಜೆ ಹೊದಿಕೆ ಹಾಕಿ ಮತ್ತೆ ಕೇಳಿದೆ. "ಬಲಗೈ ದೋಣಿ ಅಂಚು ಹಿಡದದ. ನಾಕೂ ಬೆರಳು ಕಾಣಸ್ತಾವ. ದೋಣ್ಯಾಗಿದ್ದಾವ ಬಾಗಿ ಅಂವನ ರಟ್ಟಿ ಹಿಡದಾನ," ಎಂದರು. ಬೆಳಗಿನದಕ್ಕಿಂತ ಇನ್ನೂ ಸ್ಪಷ್ಟವಾಗಿ. ಮಾತು ಹೊಂದಿತ್ತು. ಉಸ್ತಾದರು ನಾಲ್ಕೂ ಬೆರಳಿಗೆ ಬಣ್ಣ ಕೊಟ್ಟರು.

ಎರಡು ತುಂಡು ಕೂಡಿಸಿ ಹೊಲಿದು, ಹೊಲಿಗೆಯ ಮೇಲೆ ಹೊಗೆ ಬರೆದು, ಚೌಕಟ್ಟಿಗೆ ಬಿಗಿದು ಗೋಡೆಗೆ ಏರಿಸಿದ ದಿನ ಬೇಗಂ ಸಾಹೇಬರು ಬೆತ್ತ ಪಕ್ಕಕ್ಕಿಟ್ಟು ತಮ್ಮ ಹಳೆಯ ಜಾಗದಲ್ಲಿ ಕುಳಿತರು. ಅಡಕೊತ್ತು ತೆಗೆದು ಅಡಿಕೆ ಕತ್ತರಿಸತೊಡಗಿದರು. ದಿನಾ ಮಾಡುವ ಕೆಲಸವನ್ನು ಬಿಟ್ಟಲ್ಲಿಂದ ಮುಂದುವರಿಸಿದವರ ಹಾಗೆ. ನಮಗೆ ಅಷ್ಟು ಸಾಕಾಯಿತು. ಬಾಗಿಲು ದಾಟಿದ ಮೇಲೆ ಉಸ್ತಾದರು ನನ್ನ ಬೆನ್ನು ತಟ್ಟಿದರು. ಆ ಪೆಟ್ಟು ಇನ್ನೂ ನೆನಪಿದೆ, ಸ್ವಲ್ಪ ಜೋರಾಗಿಯೇ ಇತ್ತು.

ನನ್ನ ಎಡಭಾಗವನ್ನು ಉಸ್ತಾದರು ಭಾಲ್ಕಿಗೆ ಒಯ್ದು, ಸ್ಟೇಷನ್ನಿನ ಹತ್ತಿರದ ಚಹದ ಹೋಟೆಲಿನಲ್ಲಿ ತೂಗುಹಾಕಿಸಿದರು. ನಾನು ಹೋದಾಗ ಗಿರಾಕಿಯೊಬ್ಬ ಕೇಳುತ್ತಿದ್ದ, "ಹಡಗ ಚಂದ ಅವರಿ ಉಸ್ತಾದ, ಖರೆ ತೋಪು ಯಾರ ಮ್ಯಾಲ ಹಾರಸ್ಲಿಕ್ಕತ್ಯಾರ?"

"ಬೀದರದ ಮ್ಯಾಲ," ಎಂದರು ಉಸ್ತಾದರು. "ಅಲ್ಲೊಬ್ಬ ಪೇಂಟರ್ ಇದ್ದಾನ, ಅಂವಗ ಎಣಸಲಿಕ್ಕಿ ಬರಂಗಿಲ್ಲ."

ಆ ಗೋಡೆಯ ಬಲಗಡೆಗೆ ಬೀದರವೇ ಇತ್ತು. ಲೆಕ್ಕ ಹಾಕಿಯೇ ತೂಗುಹಾಕಿಸಿದ್ದರು.

ಊರು ಮೈಸೂರು ರಾಜ್ಯಕ್ಕೆ ಸೇರಿತು. ನಾವು ಬರೆದ ಬೋರ್ಡುಗಳು ಬಾಗಿಲುಗಳ ಮೇಲೆ ಏರಿದವು. ಮುಂದಿನ ರಂಜಾನ್ ಹಬ್ಬಕ್ಕೆ ಹಿರಿಯ ಮಗ ಹೈದರಾಬಾದದಿಂದ ಬಂದ. ಹಬ್ಬದ ಶೀರ್‌ಖುರ್ಮಾ ಪಾಯಸಕ್ಕೆ ನಮ್ಮಿಬ್ಬರನ್ನೂ ಕರೆದಿದ್ದರು. ನಾವು ಒಳಗೆ ಹೋದಾಗ ಅವನು ಚಿತ್ರದ ಮುಂದೆ ನಿಂತಿದ್ದ. ಹೈದರಾಬಾದದಲ್ಲಿ ಅವನ ಅಸಲು ಪೆಟ್ಟಿಗೆಯಿಂದ ಹೊರಬಂದು ಹೊಸ ಮನೆಯ ಗೋಡೆ ಏರಿತ್ತು. ದಿನಾ ನೋಡುತ್ತಿದ್ದವನು. ಅವನ ಕಣ್ಣು ಒಂದೊಂದೇ ಚೌಕ ದಾಟುವುದನ್ನು ನಾನು ನೋಡುತ್ತಿದ್ದೆ. ಕೈಗೆ ಕೊಟ್ಟ ಬಟ್ಟಲನ್ನು ಕುಡಿಯದೆ ಕೆಳಗಿಟ್ಟೆ.

"ಹಂಗಿಂದ ಹಂಗೇ ಅದ," ಎಂದ. ದೊಡ್ಡ ಹಡಗಿನ ಹತ್ತಿರ ಸಣ್ಣಗೆ ನಕ್ಕ. ಆಮೇಲೆ ಬಲಮೂಲೆಗೆ ಬಗ್ಗಿದ. ಬಗ್ಗಿದವನು ಏಳಲಿಲ್ಲ.

"ಅಮ್ಮೀ," ಎಂದ. "ನನ್ನ ಚಿತ್ರದಾಗ ಈ ಮನಷಾ ಇನ್ನಾ ನೀರಾಗೇ ಇದ್ದಾನ. ಕೈ ಖಾಲಿ ಅದ. ದೋಣಿ ಬೆನ್ನು ತಿರುಗಿಸಿ ಆ ಕಡಿ ಹೊಂಟದ."

ಉಸ್ತಾದರು ನನ್ನ ಕಡೆ ನೋಡಿದರು. ನಾನು ಬೇಗಂ ಸಾಹೇಬರ ಕಡೆ ನೋಡಿದೆ. ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ಇನ್ನಾ ನೀರಾಗ ಇದ್ದಾನ?" ಎಂದರು. "ಹಂಗಾರ ಹೋಗೂ ಮುಂದ ಇವರಿಬ್ಬರನ್ನೂ ಕರಕೊಂಡು ಹೋಗು. ನಿಂದೂ ದುರಸ್ತಿ ಮಾಡಿ ಬರ್ತಾರ."

ಮಗ ನಕ್ಕುಬಿಟ್ಟ. ಉಸ್ತಾದರು ಮಾತ್ರ ನಗದೆ, ಬಟ್ಟಲು ಕೆಳಗಿಟ್ಟು, ಬಹಳ ಅದಬಿನಿಂದ, ತಲೆ ಬಾಗಿಸಿ ಕೇಳಿದರು, "ಹೋಗ್ತೇ‌ವ್ರಿ. ಖರೆ ಈ ಸಲ ಯಾವ ಕಡಿಂದ ಎಣಸಬೇಕು, ಮೊದಲೇ ಹೇಳಿಬಿಡ್ರಿ."

"ನೀರಾಗ ಇದ್ದಾವನ ಕಡಿಂದ," ಎಂದರು ಬೇಗಂ ಸಾಹೇಬರು.